ತೊಳೆದಿಟ್ಟ ಯಂತ್ರ

"ನಿನ್ನ ಮೂಳೆ ಅಲ್ಲವಲ್ಲ ಬಗ್ಗೋದು! ನಮ್ಮದು! ಅದಕ್ಕೇ ನಿನಗಿಷ್ಟು ಅಸಡ್ಡೆ!"

ನಾನು ಎಷ್ಟು ಜೋರಾಗಿ ಕಿರುಚಿದೆನೆಂದರೆ, ಹೊರಗೆ ಬೂದುಗುಂಬಳಕ್ಕೆ ಕುಂಕುಮ ತುಂಬುತ್ತಿದ್ದ ನೀರಿನ ಘಟಕದ ಸೂಪರಿಂಟೆಂಡೆಂಟ್ ತ್ರಿಯಂಬಕಪ್ಪನವರು ಚಾಕು ಹಿಡಿದುಕೊಂಡೇ ಒಳಗೆ ಓಡಿಬಂದರು. ಘಟಕದ ಕಂಪ್ಯೂಟರ್ ನೋಡಿಕೊಳ್ಳುವ ಸುಗಂಧಿ ಮಾತ್ರ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಕಿರುಚಬೇಡಿ ಪಾಲಯ್ಯ. ಕಿರುಚಿದರೆ ಕಮಾಂಡು ವಾಪಸ್ ಬರುವುದಿಲ್ಲ ಮಾರಾಯ್ರೆ."

"ಮತ್ತೆ ಎಲ್ಲಿಗೆ ಹೋಯ್ತು? ಕಾಲು ಬಂದು ನಡೆದುಹೋಯ್ತಾ? ಯುಗಾದಿ ಟೈಮಲ್ಲಿ ನನ್ನ ಕಣ್ಣೆದುರಿಗೇ ನೀನು ಅದನ್ನ ಹೊಡೆದು ಒಂದು ಸಾಫ್ಟ್‌ವೇರ್ ಭಂಡಾರ ಸೇರಿಸಿದ್ದೆ. ಈ ಯಂತ್ರದ ಹೊಟ್ಟೆಯೊಳಗೆ ಕೈಯಾಡಿಸೋಳು ನೀನೊಬ್ಬಳೇ. ನೀನು ತೆಗೀದೆ ಇನ್ಯಾರು ತೆಗೀತಾರೆ?"

"ನಾನು ತೆಗೆದಿಲ್ಲ."

"ಸುಳ್ಳು!"

ಅವಳು ಮತ್ತೊಮ್ಮೆ ಟೈಪ್ ಮಾಡಿದಳು: ಆ್ಯಡ್-ಆ್ಯಪ್ಟ್-ರೆಪಾಸಿಟರಿ. ಯಂತ್ರ ಮತ್ತೊಮ್ಮೆ ಅದೇ ಉತ್ತರ ಕೊಟ್ಟಿತು: ಕಮಾಂಡ್ ನಾಟ್ ಫೌಂಡ್. ಅಂಥ ಹೆಸರಿನವರು ಈ ಮನೆಯಲ್ಲಿ ಯಾರೂ ಇಲ್ಲ, ಹೋಗು ಎಂದ ಹಾಗೆ.

ಬೆಳಿಗ್ಗೆ ಒಂಬತ್ತೂಕಾಲು. ಆಯುಧಪೂಜೆಯ ದಿನ. ಪರದೆಯ ಅಂಚಿಗೆ ವಿಭೂತಿ, ಕೀಬೋರ್ಡಿನ ಮೇಲೆ ಚೆಂಡುಹೂವಿನ ಮಾಲೆ. ಅವಳು ಮಾಲೆಯನ್ನು ಪಕ್ಕಕ್ಕೆ ಸರಿಸಿ ಟೈಪ್ ಮಾಡುತ್ತಿದ್ದಳು. ಕಿಟಕಿಯಾಚೆಯ ತೊಟ್ಟಿಯಲ್ಲಿ ನಮ್ಮೂರಿನ ಪೊರೆ ಸಾಯುತ್ತಿತ್ತು.

ಪೊರೆ ಅಂದರೆ ಏನು ಅಂತ ಹಿರೇಗುಂಡ್ಲಿನ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ನಮ್ಮ ಬೋರ್‌ವೆಲ್ ನೀರಿನಲ್ಲಿ ಮೊದಲಿನಿಂದಲೂ ಫ್ಲೋರೈಡು. ಕುಡಿದವರಿಗೆ ಹಲ್ಲು ಕಂದುತ್ತದೆ, ಆಮೇಲೆ ಕೀಲು ಹಿಡಿಯುತ್ತದೆ, ಕೊನೆಗೆ ಬೆನ್ನು ಬಗ್ಗುತ್ತದೆ. ಹನ್ನೊಂದು ವರ್ಷದ ಹಿಂದೆ ಇಲ್ಲಿ ಪೊರೆ ಬಂತು. ಕಲ್ಲಿನ ಜಾಲರಿಯ ಮೇಲೆ ಬೆಳೆಸಿದ ಹಸಿರು ಜೀವಿ ಅದು, ಬೆರಳಿನಷ್ಟು ದಪ್ಪ, ಎರಡು ಎಕರೆ ಅಗಲ. ನೀರು ಅದರ ಮೂಲಕ ಇಳಿಯುವಾಗ ಫ್ಲೋರೈಡನ್ನು ಅದು ತಿಂದುಬಿಡುತ್ತದೆ. ಬದಲಿಗೆ ಅದಕ್ಕೆ ಬೇಕಾದದ್ದು ಬೆಳಕು ಮತ್ತು ಸ್ವಲ್ಪ ಸುಣ್ಣ. ಯಾವ ಗಳಿಗೆಗೆ ಯಾವ ಬಣ್ಣದ ಬೆಳಕು ಅನ್ನುವುದನ್ನು ಲಿನಕ್ಸ್ ಎಂಬ ಸಾಫ್ಟ್‌ವೇರ್ ಕೂರಿಸಿದ ಈ ಕಂಪ್ಯೂಟರ್ ಪೆಟ್ಟಿಗೆ ನೋಡಿಕೊಳ್ಳುತ್ತದೆ. ನೀರಿಗೆ ಸೌತೆಕಾಯಿ ಸಿಪ್ಪೆಯಂಥ ಒಂದು ವಾಸನೆ ಉಳಿಯುತ್ತದೆ. ನಮಗೆ ಅದು ಅಭ್ಯಾಸವಾಗಿದೆ. ಪರಸ್ಥಳದವರು ಮೂಗು ಮುರಿಯುತ್ತಾರೆ. ಈಗ ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಜಾತಕಕ್ಕಿಂತ ಮೊದಲು ಕೇಳುವುದು, ಪೊರೆ ಬಂದಾಗ ಹುಡುಗಿಗೆ ಎಷ್ಟು ವಯಸ್ಸಾಗಿತ್ತು ಅಂತ.

ಆ ಪೊರೆಗೆ ಎರಡು ದಿನದಿಂದ ಕಲೆರೋಗ. ಹಸಿರಿನ ಮೇಲೆ ಚಹಾ ಚೆಲ್ಲಿದಂಥ ಕಲೆ. ಸಂಜೆ ನಾಲ್ಕರೊಳಗೆ ತಡೆಯದಿದ್ದರೆ ಇಡೀ ಪೊರೆ ಹೋಗುತ್ತದೆ ಎಂದು ಅಳತೆ ಮಾಡಿ ಸುಗಂಧಿ ಹೇಳಿದ್ದಳು. ಹೊಸ ಪೊರೆ ಬೆಳೆಯಲು ಹನ್ನೊಂದು ತಿಂಗಳು. ಅಲ್ಲಿಯವರೆಗೆ ಹದಿನಾಲ್ಕು ಸಾವಿರ ಜನಕ್ಕೆ ಹಳೆಯ ವಿಷವೇ ಗತಿ. ನನ್ನ ಮಗಳು ನಾಗವೇಣಿ ಏಳು ತಿಂಗಳ ಬಸುರಿ, ಹೆರಿಗೆಗೆಂದು ಮನೆಗೆ ಬಂದಿದ್ದಳು. ಹದಿನಾಲ್ಕು ಸಾವಿರದ ಲೆಕ್ಕ ತ್ರಿಯಂಬಕಪ್ಪನವರಿಗೆ ಇರಲಿ. ನನಗೆ ಇದ್ದದ್ದು ಆ ಒಂದು ಲೆಕ್ಕ.

ಔಷಧಿ ಇರಲಿಲ್ಲವೇ? ಇತ್ತು! ಮೇಘಾಲಯದ ಒಂದು ಸಣ್ಣ ಪ್ರಯೋಗಾಲಯದವರು ಇದೇ ರೋಗಕ್ಕೆ ಹೊಸ ಬೆಳಕಿನ ಕ್ರಮ ಕಂಡುಹಿಡಿದು ತಮ್ಮ ಸಾಫ್ಟ್‌ವೇರ್ ಭಂಡಾರದಲ್ಲಿ ಇಟ್ಟಿದ್ದರು. ಗಳಿಗೆಗೊಮ್ಮೆ ಪೊರೆಯ ಮೈ ನೋಡಿ ಬೆಳಕು ಬದಲಿಸುವ ಕ್ರಮ, ಮನುಷ್ಯ ಸ್ವಿಚ್ ಹಿಡಿದು ಕೂತು ಮಾಡುವಂಥದ್ದಲ್ಲ. ಬಿಟ್ಟಿ ಕೊಟ್ಟಿದ್ದರು. ಆದರೆ ಯಾವ ಯಾವ ಭಂಡಾರದಿಂದ ಸಾಮಾನು ತರಬಹುದು ಎಂಬ ಪಟ್ಟಿ ನಮ್ಮ ಯಂತ್ರದೊಳಗಿದೆ. ಪಟ್ಟಿಯಲ್ಲಿಲ್ಲದ ಮನೆಯ ಮೆಟ್ಟಿಲು ಅದು ಹತ್ತುವುದಿಲ್ಲ. ಪಟ್ಟಿಗೆ ಹೆಸರು ಸೇರಿಸುವ ಕಮಾಂಡೇ ಈಗ ನಾಪತ್ತೆ.

"ಆ ಕಮಾಂಡು ಒಂದು ಸಾಫ್ಟ್‌ವೇರ್ ಪ್ಯಾಕೇಜಿನೊಳಗೆ ಬರ್ತದೆ. ಜಿಲ್ಲಾ ಕೇಂದ್ರದ ಭಂಡಾರದಲ್ಲಿ ಉಂಟು. ಅದನ್ನು ಮತ್ತೆ ಹಾಕಿದರೆ ಆಯ್ತು, ಎರಡು ನಿಮಿಷದ ಕೆಲಸ" ಎಂದಳು ಸುಗಂಧಿ.

ಎರಡು ನಿಮಿಷ ಕಳೆಯಿತು. ಐದು ಕಳೆಯಿತು. ಜಿಲ್ಲಾ ಕೇಂದ್ರದ ಭಂಡಾರ ಉಸಿರೆತ್ತಲಿಲ್ಲ. ನಾನೇ ಫೋನ್ ಹಚ್ಚಿದೆ.

"ಮಾಲೆ ಹಾಕ್ಬಿಟ್ಟಿದೀವಿ ಸಾರ್" ಎಂದಿತು ಅತ್ತಲಿನ ಗಂಡುದನಿ, ಬಾಯಿ ತುಂಬ ಕಡುಬು ಇಟ್ಟುಕೊಂಡು. "ಸರ್ವರೆಲ್ಲ ಆಫ್ ಮಾಡಿ ತೊಳ್ದು ಪೂಜೆ ಮಾಡಿದೀವಿ. ನಾಳೆ ಪೂಜೆ ಮುಗಿಸಿ ಗಂಟೆ ಬಾರಿಸೋವರೆಗೂ ಮುಟ್ಟಂಗಿಲ್ಲ."

"ಅಯ್ಯಾ, ಇಲ್ಲಿ ಊರೇ ಸಾಯ್ತಿದೆ!"

"ಎಲ್ಲಾ ಊರೋರೂ ಅಂಗೇ ಹೇಳ್ತಾರೆ ಸಾರ್. ಹಬ್ಬದ ಶುಭಾಶಯ."

ಫೋನನ್ನು ಗೋಡೆಗೆ ಎಸೆಯಬೇಕೆನ್ನಿಸಿತು. ನನ್ನ ಸ್ವಂತದ ಫೋನು, ಅದಕ್ಕೇ ಎಸೆಯಲಿಲ್ಲ.

"ಕೇಳಿದೆಯಾ? ಕಮಾಂಡ್ ತೆಗೆದು ಕೂತಿದ್ದೀಯಲ್ಲ, ಈಗ ಮಾಡು" ಎಂದೆ ಅವಳಿಗೆ. "ಸಂಜೆ ರಿಪೋರ್ಟ್ ಬರೀತೀನಿ ನೋಡು. ಯಂತ್ರ ಎಲ್ಲಾನೂ ದಾಖಲೆ ಇಡುತ್ತಂತಲ್ಲ. ನಿನ್ನ ಹೆಸರು ತೆಗೆದು ಇವರ ಮುಂದೆ ಓದ್ತೀನಿ."

"ಓದಿ" ಎಂದಳು. ಅಷ್ಟೇ. ಆಮೇಲೆ ಕೀಬೋರ್ಡಿನ ಮಾಲೆಯನ್ನು ಪೂರ್ತಿ ಎತ್ತಿ ಗಣಪತಿ ಪಟಕ್ಕೆ ಹಾಕಿದಳು.

ತ್ರಿಯಂಬಕಪ್ಪನವರು ಬೆಚ್ಚಿಬಿದ್ದರು. "ಏನಮ್ಮಾ ಇದು! ಪೂಜೆಗಿಟ್ಟ ಆಯುಧ ಮುಟ್ಟಬಾರದು. ಸರಿಸಿ ಒಂದೆರಡು ಅಕ್ಷರ ಒತ್ತಿದ್ದು ಬೇರೆ, ಮಾಲೆನೇ ತೆಗೆಯೋದಾ?"

"ಆಸ್ಪತ್ರೆಯಲ್ಲೂ ಇವತ್ತು ಕತ್ತರಿಗೆ ಮಾಲೆ ಹಾಕಿರ್ತಾರೆ ಸರ್. ಹೆರಿಗೆ ನೋವು ಬಂದವರನ್ನು ನಾಳೆ ಬಾ ಅಂತಾರಾ?" ಎಂದು ಅವಳು ಕುರ್ಚಿ ಎಳೆದುಕೊಂಡಳು. "ಈ ಕಮಾಂಡು ಏನು ಅಂತ ತಿಳ್ಕೊಂಡಿದ್ದೀರಿ? ದೇವರಲ್ಲ, ಬರೇ ಗುಮಾಸ್ತ. ನಾವು ವಿಳಾಸ ಹೇಳಿದರೆ ಪಟ್ಟಿಯಲ್ಲಿ ಒಂದು ಸಾಲು ಬರೀತದೆ. ಆ ಭಂಡಾರದ ಮೊಹರನ್ನು ತಂದು ಗೂಡಲ್ಲಿಡ್ತದೆ, ಬಂದ ಸಾಮಾನು ಅಸಲಿಯೋ ನಕಲಿಯೋ ಅಂತ ನೋಡಲಿಕ್ಕೆ. ಗುಮಾಸ್ತ ಇಲ್ಲ ಅಂತ ಕಚೇರಿ ಮುಚ್ಚುವುದುಂಟಾ? ಸಾಲನ್ನು ನಾವೇ ಬರೆಯುವ."

ಇಷ್ಟು ಸುಲಭವೇ! ಒಂದು ಸಾಲಿಗಾಗಿ ನಾನು ಬೆಳಿಗ್ಗೆಯಿಂದ ಗಂಟಲು ಹರಿದುಕೊಂಡಿದ್ದೆನೇ! ಸಿಟ್ಟು ಇನ್ನೂ ಏರಿತು.

"ಹಾಗಾದರೆ ಬರಿ! ಕೂತು ಭಾಷಣ ಮಾಡ್ತೀಯಲ್ಲ."

ಸಾಲು ಬರೆದಳು. ಮೊಹರು ಇಳಿಸಿಕೊಂಡಳು. ಆಮೇಲೆ ಕೈ ಕಟ್ಟಿ ಕೂತಳು.

"ಏನಾಯ್ತು?"

"ಈ ಮೊಹರು ಅವರದ್ದೇ ಅಂತ ನನಗೆ ಹೇಗೆ ಗೊತ್ತು? ಮೊಹರಿಗೊಂದು ಗುರುತು ಉಂಟು, ನಲ್ವತ್ತು ಅಕ್ಷರ. ಅದನ್ನು ಅವರ ಬಾಯಿಂದಲೇ ಕೇಳಿ ತಾಳೆ ನೋಡಬೇಕು. ಫೋನ್ ಮಾಡಿದ್ದೇನೆ. ಅಲ್ಲಿನ ಮೇಡಂ ಹೊಳೆ ಹತ್ತಿರ ಸ್ಯಾಂಪಲ್ ತೆಗೀಲಿಕ್ಕೆ ಹೋಗಿದ್ದಾರಂತೆ, ಒಂದು ಗಂಟೆಗೆ ಬರ್ತಾರೆ."

ತ್ರಿಯಂಬಕಪ್ಪನವರು ಮೆತ್ತಗೆ ಹೇಳಿದರು, "ತಾಳೆ ಗೀಳೆ ಬಿಡೋಕಾಗಲ್ವೇನಮ್ಮ? ನಂಬು ಅಂತ ಯಂತ್ರಕ್ಕೆ ಹೇಳೋ ದಾರಿ ಇರುತ್ತಲ್ಲ?"

"ಉಂಟು. ನಾನು ಹೇಳುವುದಿಲ್ಲ. ಯಾರೋ ದಾರಿಯಲ್ಲಿ ಕೂತು ಬೇರೆ ಏನೋ ಕಳಿಸಿದರೆ ಅದು ಹೋಗುವುದು ನಿಮ್ಮ ಕುಡಿಯುವ ನೀರಿಗೆ."

"ನಿಮ್ಮ!" ನನಗೆ ಅಷ್ಟೇ ಸಾಕಾಯಿತು. "ಕೇಳಿದ್ರಾ ಸಾರ್? ನಿಮ್ಮ ನೀರು ಅಂತೆ! ಇವಳದಲ್ಲ. ಒಂಬತ್ತು ವರ್ಷದಿಂದ ಆ ಸ್ಟೀಲ್ ಬಾಟಲಿ ಕಂಕುಳಲ್ಲಿ ಇಟ್ಕೊಂಡು ತಿರುಗ್ತಾಳೆ. ತನ್ನೂರ ಬಾವಿ ನೀರು ತರಿಸಿಕೊಂಡು ಕುಡಿಯೋಳಿಗೆ ನಮ್ಮ ಪೊರೆ ಸತ್ತರೇನು, ಇದ್ದರೇನು!"

ಊರಲ್ಲಿ ಎಲ್ಲರೂ ಆಡುವ ಮಾತೇ ಅದು. ಎದುರಿಗೆ ಆಡಿದವನು ನಾನೊಬ್ಬ. ಅವಳು ಮೇಜಿನ ಮೇಲಿದ್ದ ಆ ಬಾಟಲಿ ಕಡೆ ಒಮ್ಮೆ ನೋಡಿದಳು, ನನ್ನ ಕಡೆ ಒಮ್ಮೆ ನೋಡಿದಳು.

"ಊಟ ಮಾಡಿ ಬನ್ನಿ ಪಾಲಯ್ಯ" ಎಂದಳು. "ಒಂದು ಗಂಟೆಗೆ ನನಗೆ ಗಟ್ಟಿ ಗಂಟಲಿನವರು ಒಬ್ಬರು ಬೇಕು."

ಮನೆ ಇನ್ನೂರು ಹೆಜ್ಜೆ. ಹಜಾರಕ್ಕೆ ಕಾಲಿಡುವ ಮೊದಲೇ ಹೆಂಡತಿ ತಿಪ್ಪಮ್ಮ ಅಡುಗೆಮನೆಯಿಂದ ಕೂಗಿದಳು, "ಯಾರಿಗೆ ಬೈದು ಬಂದೆ?"

"ಯಾರಿಗೂ ಇಲ್ಲ."

"ಬೈದು ಬಂದ ದಿನ ನೀನು ಚಪ್ಪಲಿ ಬಿಡೋ ಸದ್ದೇ ಬೇರೆ."

ತಿಪ್ಪಮ್ಮನಿಗೆ ಈಗ ನಲವತ್ನಾಲ್ಕು. ಇಪ್ಪತ್ತೆಂಟಕ್ಕೇ ಬೆನ್ನು ಬಗ್ಗಿತು. ಆಮೇಲೆ ಕತ್ತು ನಿಂತುಹೋಯಿತು. ಎದುರಿಗಿದ್ದವರ ಮುಖ ನೋಡಬೇಕೆಂದರೆ ಗೋಡೆ ಹಿಡಿದು ಮೈಯನ್ನೇ ಹಿಂದಕ್ಕೆ ವಾಲಿಸಬೇಕು. ಅದಕ್ಕೇ ಅವಳು ಜನರನ್ನು ಕಾಲಿನಿಂದ ಗುರುತು ಹಿಡಿಯುತ್ತಾಳೆ. ಯಾರ ಹಿಮ್ಮಡಿ ಒಡೆದಿದೆ, ಯಾರ ಚಪ್ಪಲಿ ಯಾವ ಕಡೆ ಸವೆದಿದೆ, ಎಲ್ಲ ಗೊತ್ತು.

"ಆ ಸುಗಂಧಿ ಇದ್ದಾಳಲ್ಲ" ಎಂದು ನಾನು ಶುರು ಮಾಡಿದೆ.

"ಎಡಗಾಲು ಒತ್ತಿ ನಡೆಯೋಳು. ಅವಳಿಗೇನು? ಬಂಗಾರದಂಥವಳು. ವಾರಕ್ಕೊಂದು ಸಲ ಬಂದು ನನ್ನ ಮೊಣಕಾಲು ನೋಡಿ ಹೋಗ್ತಾಳೆ."

"ನಮ್ಮನೆಗೆ? ಯಾವಾಗ?"

"ನೀನಿಲ್ಲದಾಗ. ನೀನಿದ್ದರೆ ಯಾರು ಬರ್ತಾರೆ?"

ನಾಗವೇಣಿ ನಕ್ಕಳು. ನಗುವಾಗ ಕೈ ಬಾಯಿಗೆ ಅಡ್ಡ ಹೋಯಿತು. ಇಪ್ಪತ್ತೆರಡು ವರ್ಷದವಳು, ಪೊರೆಗೆ ಮುಂಚಿನವಳು, ಕಂದು ಹಲ್ಲು. ಗಂಡನ ಮುಂದೆ ಕೂಡ ಕೈ ಅಡ್ಡ ಇಟ್ಟೇ ನಗುತ್ತಾಳೆ ಅಂತ ಅವಳ ಅಮ್ಮ ಒಮ್ಮೆ ಹೇಳಿದ್ದಳು. ಹೊಟ್ಟೆಯ ಮೇಲೆ ಹೋಳಿಗೆ ತಟ್ಟೆ ಇಟ್ಟುಕೊಂಡು ಕೂತಿದ್ದಳು. ಒಳಗೆ ಒಂದು ಬೆನ್ನುಮೂಳೆ ಗೆಣ್ಣು ಗೆಣ್ಣಾಗಿ ಕೂಡಿಕೊಳ್ಳುತ್ತಿತ್ತು. ಅದಕ್ಕೆ ಬೇಕಾದ ನೀರು ಇವಳು ಕುಡಿಯುವ ನೀರು.

"ನಾಗೂ, ಮನೇಲಿರೋ ಕೊಡ, ಬಿಂದಿಗೆ, ಹಂಡೆ, ಎಲ್ಲಾ ತುಂಬು. ಈಗಲೇ."

"ಯಾಕಪ್ಪ?"

"ಯಾಕೆ ಅಂತ ಕೇಳಬೇಡ. ತುಂಬು."

ತಿಪ್ಪಮ್ಮ ಲಟ್ಟಣಿಗೆ ನಿಲ್ಲಿಸಿದಳು. ಗೋಡೆ ಹಿಡಿದು, ಮೈ ವಾಲಿಸಿ, ನನ್ನ ಮುಖ ನೋಡಿದಳು. ಅಷ್ಟು ಕಷ್ಟಪಟ್ಟು ಅವಳು ನೋಡಿದರೆ ಸುಳ್ಳು ಹೇಳಲು ನನಗೆ ಆಗುವುದಿಲ್ಲ.

"ಪೊರೆಗೆ ಏನೋ ಆಗಿದೆ, ಅಲ್ವಾ?"

ನಾನು ಉಣ್ಣದೆ ಹೊರಟೆ.

ಒಂದು ಗಂಟೆ ಹೊಡೆದು ಹತ್ತು ನಿಮಿಷಕ್ಕೆ ಮೇಘಾಲಯದ ಮೇಡಂ ಫೋನಿಗೆ ಬಂದರು. ದನಿ ಕೊಳವೆಯೊಳಗಿಂದ ಬಂದಂತಿತ್ತು. ಅವರು ಒಂದೊಂದು ಅಕ್ಷರ ಹೇಳಿದರು. ನಾನು ನಮ್ಮೂರ ಶಾಲೆಯಲ್ಲಿ ಮಗ್ಗಿ ಹೇಳುತ್ತಿದ್ದ ಹಾಗೆ ಅದನ್ನೇ ಗಟ್ಟಿಯಾಗಿ ತಿರುಗಿ ಕೂಗಿದೆ. ಸುಗಂಧಿ ಪರದೆಯ ಮೇಲೆ ಬೆರಳಿಟ್ಟು ಒಂದೊಂದನ್ನೇ ದಾಟಿದಳು. ನಲ್ವತ್ತೂ ತಾಳೆಯಾದವು. ತ್ರಿಯಂಬಕಪ್ಪನವರು ಪಟಕ್ಕೆ ಕೈ ಮುಗಿದರು. ಸುಗಂಧಿ ಕೀಲಿ ಒತ್ತಿದಳು.

ಯಂತ್ರ ಕೆಂಪಕ್ಷರದಲ್ಲಿ ಬೈದಿತು. ಮೊಹರು ಓದಲಾಗುತ್ತಿಲ್ಲ, ಈ ಭಂಡಾರವನ್ನು ನಾನು ಒಪ್ಪುವುದಿಲ್ಲ.

"ಅಯ್ಯೋ ನಿನ್ನ ಮನೆ ಹಾಳಾಗ!" ಎಂದೆ. ಯಂತ್ರಕ್ಕೋ ಅವಳಿಗೋ ನನಗೇ ಗೊತ್ತಿಲ್ಲ.

ಅವಳು ಎರಡು ಕ್ಷಣ ನೋಡಿದಳು. "ನನ್ನ ತಪ್ಪು. ಮೊಹರಿನ ಫೈಲನ್ನು ನಾನೊಬ್ಬಳೇ ಓದುವ ಹಾಗೆ ಇಟ್ಟಿದ್ದೇನೆ. ಯಂತ್ರಕ್ಕೂ ಓದಲಿಕ್ಕೆ ಅನುಮತಿ ಕೊಡಬೇಕಿತ್ತು." ಕೊಟ್ಟಳು. ನನ್ನ ತಪ್ಪು ಎಂಬ ಮಾತನ್ನು ಅವಳು ಎಷ್ಟು ಸಲೀಸಾಗಿ ಹೇಳಿದಳೆಂದರೆ, ಬೈಯಲು ಬಾಯಿ ತೆರೆದಿದ್ದ ನಾನು ಅದನ್ನು ಮುಚ್ಚಿಕೊಳ್ಳಬೇಕಾಯಿತು.

ಎರಡನೇ ಸಲ ಸಾಲುಗಳು ಸರಸರನೆ ಮೇಲೇರಿದವು. ಹೊಸ ಬೆಳಕಿನ ಕ್ರಮ ಬಂದು ಕೂತಿತು. ಕಿಟಕಿಯಾಚೆ ದೀಪಗಳೆಲ್ಲ ಒಮ್ಮೆಗೇ ಆರಿ, ತೊಟ್ಟಿ ಕಪ್ಪಾಗಿ, ಆಮೇಲೆ ತುದಿಯಿಂದ ತುದಿಗೆ ದಾಸವಾಳದ ಕೆಂಪು ಹರಿಯಿತು.

ಕಾದೆವು. ಕಾಯುವುದು ನನ್ನ ಕೈಲಾಗುವ ಕೆಲಸವಲ್ಲ. ಕಿಟಕಿಗೆ ಹೋದೆ, ಬಂದೆ, ತ್ರಿಯಂಬಕಪ್ಪನವರ ಮಂಡಕ್ಕಿ ತಿಂದೆ, ಮಂಡಕ್ಕಿ ಮೆತ್ತಗಾಗಿದೆ ಎಂದು ಅವರಿಗೂ ಬೈದೆ. ಕಲೆ ಮೂರು ಗಂಟೆಗೆ ನಿಂತಿತು. ಮೂರೂಮುಕ್ಕಾಲಿಗೆ ಅಂಚಿನಲ್ಲಿ ಒಂದು ಬೆರಳಗಲ ಹಿಂದೆ ಸರಿಯಿತು. ಸುಗಂಧಿ ಮೆಟ್ಟಿಲಿಳಿದು ಹೋಗಿ ಕೈಯಿಂದ ಪೊರೆ ಮುಟ್ಟಿ ನೋಡಿ ಬಂದಳು. ಅಂಗೈ ತುಂಬ ಹಸಿರು ಲೋಳೆ.

"ಬದುಕಿತು" ಎಂದಳು.

ತ್ರಿಯಂಬಕಪ್ಪನವರು ಹೊರಗೆ ಓಡಿ ಬೆಳಿಗ್ಗೆಯಿಂದ ಕಾದಿದ್ದ ಬೂದುಗುಂಬಳವನ್ನು ಹೊಸಿಲಿನ ಮುಂದೆ ಎತ್ತಿ ಕುಕ್ಕಿದರು. ಕುಂಕುಮ ಕೆಸರಾಗಿ ಚೆಲ್ಲಿತು.

ಆಗಲಾದರೂ ನಾನು ಸುಮ್ಮನಿರಬೇಕಿತ್ತು. ಕೆಲಸ ಆಗಿತ್ತು, ಮನೆಗೆ ಹೋಗಿ ಹೋಳಿಗೆ ತಿನ್ನಬಹುದಿತ್ತು. ಆದರೆ ಬೆಳಿಗ್ಗೆ ಆಡಿದ ಮಾತು ಮಾತೇ.

"ಸಾರ್, ಬನ್ನಿ ಒಳಗೆ. ಇದೊಂದು ಇತ್ಯರ್ಥ ಆಗಿಬಿಡಲಿ. ಕಮಾಂಡ್ ತೆಗೆದದ್ದು ಯಾರು ಅಂತ ದಾಖಲೆ ಓದೋಣ. ಸುಗಂಧಿ, ತೆಗಿ ಅದನ್ನ."

ಅವಳು ಕೈ ಒರೆಸಿಕೊಂಡು ದಾಖಲೆ ತೆರೆದು, ಕುರ್ಚಿ ಬಿಟ್ಟು ಎದ್ದಳು. ನಾನು ಕೂತೆ. ಕನ್ನಡಕ ಏರಿಸಿ, ಬೆರಳಿಟ್ಟು ಗಟ್ಟಿಯಾಗಿ ಓದಿದೆ.

"ನಿನ್ನೆ ಸಂಜೆ ಐದು ನಲವತ್ತು. ಆಜ್ಞೆ: ಬೇಡದ್ದನ್ನೆಲ್ಲ ತೆಗೆ. ತೆಗೆದ ಪ್ಯಾಕೇಜುಗಳು ಅರವತ್ತೊಂದು. ಆಜ್ಞೆ ಕೊಟ್ಟವರು..."

"ಓದಯ್ಯ, ಯಾಕೆ ನಿಲ್ಲಿಸಿದೆ?" ಎಂದರು ತ್ರಿಯಂಬಕಪ್ಪನವರು.

ನಿನ್ನೆ ಸಂಜೆ ಅವರೇ ಹೇಳಿದ್ದರು, ಪೂಜೆಗೆ ಮುಂಚೆ ಎಲ್ಲಾ ತೊಳೆದಿಡು ಪಾಲಯ್ಯ ಅಂತ. ನಾನು ಪಂಪು ತೊಳೆದೆ, ಸ್ಪ್ಯಾನರುಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿದೆ, ಈ ಪರದೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಒರೆಸುವಾಗ ಅದರ ಮೇಲೆ ಒಂದು ಸಾಲು ಕಂಡಿತು. ಇಷ್ಟು ಪ್ಯಾಕೇಜುಗಳು ಇನ್ನು ಬೇಕಾಗಿಲ್ಲ, ತೆಗೆಯಲು ಈ ಆಜ್ಞೆ ಬಳಸಿ ಎಂದು ಯಂತ್ರ ತಾನಾಗಿಯೇ ಹೇಳುತ್ತಿತ್ತು. ಯಂತ್ರವೇ ಬೇಡ ಅಂದ ಮೇಲೆ ಕಸ ಯಾಕಿರಬೇಕು? ಹೊರಗಿನ ಧೂಳು ಒರೆಸಿದವನು ಒಳಗಿನದನ್ನು ಬಿಡಲೇ? ಅದು ಹೇಳಿದ್ದನ್ನೇ ಟೈಪ್ ಮಾಡಿದೆ. ಉದ್ದನೆಯ ಪಟ್ಟಿ ತೋರಿಸಿ ಹೌದೋ ಅಲ್ಲವೋ ಎಂದು ಕೇಳಿತು. ಆ ಕಮಾಂಡಿನ ಪ್ಯಾಕೇಜೂ ಅದರಲ್ಲಿತ್ತು. ಪಟ್ಟಿ ಓದದೆ ಹೌದು ಒತ್ತಿದೆ. ಹಳೆಯ ಪ್ಯಾಕೇಜು ಕೂಡಿಟ್ಟಿದ್ದ ಡಬ್ಬವನ್ನೂ ಖಾಲಿ ಮಾಡಿದೆ. ಎಷ್ಟು ಚೊಕ್ಕಟವಾಯಿತು ಎಂದು ಹಿಗ್ಗಿ ಮನೆಗೆ ಹೋದೆ. ಬೆಳಿಗ್ಗೆಗೆ ಅದು ನೆನಪಿನಲ್ಲೂ ಇರಲಿಲ್ಲ. ಸ್ಪ್ಯಾನರು ತೊಳೆದದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

"ಆಜ್ಞೆ ಕೊಟ್ಟವರು ಪಾಲಯ್ಯ" ಎಂದು ಓದಿದೆ.

ಕೆಳಗೆ ಇನ್ನೊಂದು ಸಾಲಿತ್ತು. ಅದನ್ನು ಗಟ್ಟಿಯಾಗಿ ಓದಲಿಲ್ಲ. ಇಂದು ಬೆಳಿಗ್ಗೆ ಎಂಟು ಐವತ್ತೆರಡಕ್ಕೆ ಸುಗಂಧಿ ಈ ದಾಖಲೆಯನ್ನು ತೆರೆದು ನೋಡಿದ್ದಳು. ನಾನು ಬೈಯಲು ಶುರುಮಾಡಿದ್ದು ಒಂಬತ್ತರ ಮೇಲೆ.

"ಬೆಳಿಗ್ಗೆನೇ ಗೊತ್ತಿತ್ತಾ ನಿನಗೆ?"

"ಹೂಂ."

"ಬಾಯಿ ಇರಲಿಲ್ವಾ? ಹೇಳೋಕೇನಾಗಿತ್ತು?" ಆಗಲೂ ನನ್ನ ದನಿ ಇಳಿಯಲಿಲ್ಲ. ಇಳಿಸುವುದು ಹೇಗೆಂದು ನನಗೆ ಯಾರೂ ಕಲಿಸಿಲ್ಲ.

"ಹೇಳಿದ್ದರೆ ನೀವು ಅಲ್ಲ ಅಂತ ಮಧ್ಯಾಹ್ನದವರೆಗೆ ಜಗಳ ಮಾಡ್ತಿದ್ರಿ. ಪೊರೆಗೆ ಇದ್ದದ್ದು ಏಳು ಗಂಟೆ."

ಚೀಲ ಹೆಗಲಿಗೆ ಹಾಕಿಕೊಂಡಳು. ಗಣಪತಿ ಪಟದಿಂದ ಮಾಲೆ ತೆಗೆದು ಮತ್ತೆ ಕೀಬೋರ್ಡಿನ ಮೇಲೆ ಇಟ್ಟಳು, ಎರಡೂ ತುದಿ ಸಮ ಮಾಡಿ.

ಒಂದು ಮಾತು ನನ್ನ ಗಂಟಲಿಗೆ ಬಂದಿತ್ತು. ಬಾಯಿಗೆ ಬರುವಾಗ ಬೇರೆಯೇ ಆಯಿತು. "ನಾಳೆ ಎಂಟಕ್ಕೆ ಬಾ! ಗಂಟೆ ಬಾರಿಸೋದಿದೆ, ತಡ ಮಾಡಬೇಡ!"

ಅವಳು ಹೊಸಿಲು ದಾಟಿದಳು.

ಎಂಟಕ್ಕೆ ಬರಲಿಲ್ಲ. ಹತ್ತಕ್ಕೆ ತ್ರಿಯಂಬಕಪ್ಪನವರು ಫೋನ್ ಮಾಡಿದರು, ಎತ್ತಲಿಲ್ಲ. ಮಧ್ಯಾಹ್ನ ಅವಳ ಬಾಡಿಗೆ ಮನೆಗೆ ಹೋದೆ, ಬೀಗ. ಮಾರನೇ ದಿನ ವರ್ಗಾವಣೆಯ ಅರ್ಜಿಯ ಪ್ರತಿ ಬಂತು, ಎರಡೇ ಸಾಲು, ಯಾರ ಮೇಲೂ ದೂರಿಲ್ಲ.

ಸ್ಟೀಲ್ ಬಾಟಲಿ ಮಾತ್ರ ಮೇಜಿನ ಮೇಲೇ ಉಳಿದಿತ್ತು. ತೊಳೆದು ಕಟ್ಟಿಡೋಣ, ಯಾವತ್ತಾದರೂ ಕೇಳಿಯಾಳು ಎಂದು ಮುಚ್ಚಳ ತಿರುಗಿಸಿದೆ. ಅರ್ಧ ನೀರಿತ್ತು. ಚೆಲ್ಲುವ ಮೊದಲು ಮೂಗಿಗೆ ಬಡಿಯಿತು, ಸೌತೆಕಾಯಿ ಸಿಪ್ಪೆ. ನಂಬದೆ ಒಂದು ಗುಟುಕು ಕುಡಿದೆ. ನಮ್ಮ ಪೊರೆಯದೇ ನೀರು.

ಹೊರಗೆ ಬಂದೆ. ಹೊಸಿಲಿನ ಮುಂದೆ ಕುಂಕುಮದ ಕೆಸರು ಒಣಗಿ ಕಲ್ಲಾಗಿತ್ತು. ಅದರ ಮೇಲೆ ಒಂದೇ ಒಂದು ಚಪ್ಪಲಿಯ ಗುರುತು. ಎಡಗಾಲು, ಒತ್ತಿ ಇಟ್ಟದ್ದು, ಬೀದಿಯ ಕಡೆಗೆ ಮುಖ.